ತೂಬಿನ ಮುಂದಿನ ಕೆಸರನ್ನು ಕೊರಮೀನಿಗೆ ಬಿಟ್ಟುಕೊಡಿ

ಮಡಕಶಿರಾ, ರಾಯದುರ್ಗ ಸೀಮೆಯ ಬಂಧುಗಳೇ, ಈ ಬೇಸಿಗೆ ನಿಮ್ಮೂರ ಕೆರೆಗೆ ಜೆಸಿಬಿ ಇಳಿಯುವ ಮೊದಲು ಒಂದು ಮಾತು ಕೇಳಿಸಿಕೊಳ್ಳಿ. ಕೆರೆ ಬತ್ತಿರುತ್ತದೆ, ಅಂಗಳ ಬಿರುಕು ಬಿಟ್ಟಿರುತ್ತದೆ, ಏರಿಯ ಮೇಲೆ ನಿಂತು ನೋಡಿದರೆ ಜೀವವೆನ್ನುವುದೇ ಕಾಣುವುದಿಲ್ಲ. ಆದರೆ ತೂಬಿನ ಮುಂದೆ ಎಲ್ಲಕ್ಕಿಂತ ಕೊನೆಗೆ ಒಣಗುವ ಒಂದು ತಗ್ಗು ಇರುತ್ತದಲ್ಲ, ಅಲ್ಲಿ ಮೇಲಿನ ಹಕ್ಕಳೆ ಮಣ್ಣಿನ ಕೆಳಗೆ, ಇನ್ನೂ ಪಸೆಯಾರದ ಕರಿ ಕೆಸರಿನೊಳಗೆ ಮೀನುಗಳು ಬದುಕಿವೆ. ಮುಂದಿನ ಮಳೆಗೆ ಕಾಯುತ್ತಿವೆ. ಆ ತಗ್ಗೊಂದನ್ನು ಬಿಟ್ಟು ಉಳಿದ ಕಡೆ ಹೂಳೆತ್ತಿ ಎಂದು ಬೇಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಆ ಮೀನುಗಳು ಯಾವುವೆಂದು ಊರಿನ ಹಿರಿಯರಿಗೆ ಹೇಳಬೇಕಾಗಿಲ್ಲ. ಮೊದಲನೆಯದು ಕೊರಮೀನು, ಕೆಲವರ ಬಾಯಲ್ಲಿ ಕೊರವ. ಹಾವಿನಂಥ ತಲೆ, ಕಪ್ಪು ಬೆನ್ನು, ಪಕ್ಕೆಯಲ್ಲಿ ಓರೆ ಪಟ್ಟೆ. ಆಂಧ್ರದ ರಾಜ್ಯ ಮೀನೂ ಇದೇ. ಸಂತೆಯಲ್ಲಿ ರೋಹು, ಕಟ್ಲಾಗಿಂತ ಹೆಚ್ಚಿನ ಬೆಲೆಗೆ, ಅದೂ ಜೀವಂತವಾಗಿ ಮಾರಾಟವಾಗುವ ಮೀನು. ಎರಡನೆಯದು ಮುರುಗೋಡು, ಅಂದರೆ ನಾಟಿ ಮಾಗೂರು. ಮೀಸೆ ಇರುವ, ಮೈಮೇಲೆ ಸಿಪ್ಪೆಯಿಲ್ಲದ ಮೀನು. ಮೂರನೆಯದು ಚೇಳು ಮೀನು, ಕೈಗೆ ಚುಚ್ಚಿದರೆ ಸಂಜೆಯವರೆಗೂ ಮರೆಯದ ಹಾಗೆ ನೋಯಿಸುವುದು. ಇವಲ್ಲದೆ ಹಾವುಮೀನು ಉಂಟು; ಉದ್ದ ಮೂತಿ, ಬೆನ್ನುದ್ದಕ್ಕೂ ಮುಳ್ಳು, ಹಗಲೆಲ್ಲ ಮರಳಿನಲ್ಲಿ ಹೂತುಕೊಂಡು ಮೂತಿಯ ತುದಿಯನ್ನಷ್ಟೇ ಹೊರಗಿಟ್ಟಿರುತ್ತದೆ. ಹಳ್ಳದ ಮರಳಿನಲ್ಲಿ ಬೆರಳುದ್ದದ ಒಂದು ಚುಕ್ಕೆ ಮೀನೂ ಇದೆ. ಕಾಲಿಟ್ಟ ಕೂಡಲೇ ಕಣ್ಣೆದುರೇ ಮರಳಿನೊಳಗೆ ಮಾಯವಾಗುವ ಅದನ್ನು ಹಳ್ಳದಲ್ಲಿ ಆಡಿ ಬೆಳೆದ ಎಲ್ಲ ಮಕ್ಕಳೂ ಬಲ್ಲರು.

ಇವೆಲ್ಲ ನೀರು ಕೆಟ್ಟರೂ ಕಡಿಮೆಯಾದರೂ ಸಾಯದಿರಲು ಕಾರಣವಿದೆ. ಬಹುಪಾಲು ಮೀನುಗಳು ಕಿವಿರಿನಿಂದ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮಾತ್ರ ಹೀರಬಲ್ಲವು. ಕೊರಮೀನಿನ ಕಿವಿರಿನ ಮೇಲ್ಭಾಗದಲ್ಲಿ, ತಲೆಯ ಎರಡೂ ಕಡೆ, ಒದ್ದೆಯಾದ ಮಡಿಕೆಗಳಿರುವ ಗೂಡುಗಳಿವೆ. ಅದು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗಿದರೆ ಉಸಿರಾಟ ನಡೆಯುವುದು ಅಲ್ಲಿ. ಮೇಲೆ ಬರದಂತೆ ಬಲೆ ಕಟ್ಟಿ ತಡೆದರೆ ಎಂಥ ಶುದ್ಧ ನೀರಿನಲ್ಲೂ ಕೊರಮೀನು ಉಸಿರುಕಟ್ಟಿ ಸಾಯುತ್ತದೆ. ಮುರುಗೋಡಿನ ಕಿವಿರಿನ ಹಿಂದೆ ಪುಟ್ಟ ಮರದ ಕೊಂಬೆಗಳಂಥ ಅಂಗವಿದೆ. ಚೇಳು ಮೀನಿಗೆ ಕಿವಿರಿನಿಂದ ಬಾಲದ ಕಡೆಗೆ ಬೆನ್ನೆಲುಬಿನ ಪಕ್ಕದಲ್ಲಿ ಉದ್ದಕ್ಕೆ ಹೋಗುವ ಎರಡು ಗಾಳಿಚೀಲಗಳಿವೆ. ಮರಳಿನ ಆ ಪುಟ್ಟ ಮೀನು ಗಾಳಿಯನ್ನು ನುಂಗಿ ಕರುಳಿನಲ್ಲೇ ಹೀರಿಕೊಳ್ಳುತ್ತದೆ. ಒಂದೇ ಕಷ್ಟಕ್ಕೆ ನಾಲ್ಕು ಮೀನುಗಳು ನಾಲ್ಕು ಬೇರೆ ಬೇರೆ ದಾರಿ ಹುಡುಕಿಕೊಂಡಿವೆ. ಬರ ಹೊಸದಲ್ಲದ ಈ ನೆಲಕ್ಕೆ ತಕ್ಕ ಮೀನುಗಳಿವು.

ನೀರು ಮೊಣಕಾಲಿಗೆ, ಆಮೇಲೆ ಪಾದಕ್ಕೆ ಇಳಿಯುತ್ತಿದ್ದಂತೆ ಅವು ತಗ್ಗಿನ ಕಡೆ ಸರಿಯುತ್ತವೆ. ನೀರು ಮುಗಿದಾಗ ಕೆಸರಿನೊಳಗೆ ಇಳಿಯುತ್ತವೆ. ಅಲ್ಲಿ ಓಡಾಟವಿಲ್ಲ, ಆಹಾರವಿಲ್ಲ. ಮಳೆಗಾಲದಲ್ಲಿ ಮೈಯಲ್ಲಿ ಕೂಡಿಟ್ಟ ಕೊಬ್ಬೇ ಆಧಾರ. ಹೀಗೆ ತಿಂಗಳುಗಟ್ಟಲೆ ಇರಬಲ್ಲವು. ಆದರೆ ಇದಕ್ಕೊಂದು ಷರತ್ತಿದೆ, ನನ್ನ ಇಡೀ ಮನವಿ ನಿಂತಿರುವುದೂ ಅದರ ಮೇಲೆಯೇ. ಆಫ್ರಿಕಾದಲ್ಲಿ ಶ್ವಾಸಕೋಶವಿರುವ ಮೀನೊಂದಿದೆ. ಅದು ಒಣಗುವ ಕೆಸರಿನಲ್ಲಿ ತನ್ನ ಮೈಯ ಲೋಳೆಯಿಂದಲೇ ಒಂದು ಚೀಲ ಕಟ್ಟಿಕೊಂಡು, ಮಣ್ಣು ಇಟ್ಟಿಗೆಯಂತೆ ಗಟ್ಟಿಯಾದರೂ ವರ್ಷ ದಾಟಿ ಬದುಕುತ್ತದೆ. ನಮ್ಮ ಕೊರಮೀನಿಗೆ ಅಂಥ ಚೀಲವಿಲ್ಲ. ಅದರ ಚರ್ಮವೂ ತಲೆಯೊಳಗಿನ ಆ ಗಾಳಿಗೂಡೂ ಒದ್ದೆಯಾಗಿರುವಷ್ಟು ದಿನ ಮಾತ್ರ ಅದಕ್ಕೆ ಆಯುಸ್ಸು. ಆದ್ದರಿಂದ ಕೆಸರು ಎಷ್ಟು ಆಳವಿದೆ, ಅದರ ತಳದಲ್ಲಿ ಪಸೆ ಎಷ್ಟು ದಿನ ನಿಲ್ಲುತ್ತದೆ ಎನ್ನುವುದೇ ಅದರ ಸಾವು ಬದುಕಿನ ಲೆಕ್ಕ. ಗರಸು ಕಾಣುವವರೆಗೆ ಬಗೆದ ಕೆರೆಯಲ್ಲಿ ಅದು ತಲೆಯಿಡುವುದಕ್ಕೂ ಜಾಗವಿಲ್ಲ.

ಬರದ ನಂತರ ಕೆರೆ ತುಂಬಿದಾಗ ವಾರದೊಳಗೆ ಮೀನು ಕಾಣಿಸಿಕೊಂಡರೆ, ಮಳೆಯ ಜೊತೆ ಮೀನು ಉದುರಿತು ಎನ್ನುವವರು ಈಗಲೂ ಇದ್ದಾರೆ. ಉದುರಿದ್ದಲ್ಲ, ಕೆಲವು ಹಳ್ಳದಲ್ಲಿ ಹತ್ತಿಕೊಂಡು ಬಂದವು, ಕೆಲವು ಕಾಲಡಿಯಿಂದಲೇ ಎದ್ದವು. ಒಣಗಿದ ಕೆರೆಯ ಮಣ್ಣು ಅಗೆದು ಮೀನು ತೆಗೆಯುವುದನ್ನು ಜೇಮ್ಸ್ ಎಮರ್ಸನ್ ಟೆನೆಂಟ್ 1861ರಲ್ಲಿ ಸಿಲೋನಿನ ಜೀವಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ದಾಖಲಿಸಿದ. ಮದರಾಸಿನಲ್ಲಿ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ 1875ರಿಂದ 1878ರವರೆಗೆ ಕಂತುಕಂತಾಗಿ ಹೊರತಂದ ಭಾರತದ ಮೀನುಗಳ ಗ್ರಂಥದಲ್ಲಿ ಇವುಗಳಿಗೆಲ್ಲ ಜಾಗವಿದೆ. ಅವರಿಗೂ ಏಳು ಶತಮಾನ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮೀನುಗಳ ಜಾತಿ, ಅವಕ್ಕೆ ಹಾಕುವ ಆಹಾರ, ಗಾಳ ಹಾಕುವ ಬಗೆ ಇವಕ್ಕೆಂದೇ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಕನ್ನಡ ನಾಡಿನ ದೊರೆಯೊಬ್ಬ ಮೀನಿನ ಸ್ವಭಾವವನ್ನು ಅಷ್ಟು ಹತ್ತಿರದಿಂದ ಗಮನಿಸಿದ್ದ ನೆಲದಲ್ಲಿ, ಮನೆಯ ಹಿಂದಿನ ಕೆರೆಯಲ್ಲಿ ಏನಿದೆಯೆಂದು ತಿಳಿಯದೆ ಬಗೆದುಹಾಕುತ್ತಿರುವುದು ನನಗೆ ಸಂಕಟ ತರುತ್ತದೆ.

ನಮ್ಮ ಎರಡೂ ಸೀಮೆಗಳ ಸ್ಥಿತಿಯನ್ನೊಮ್ಮೆ ನೆನೆಯಿರಿ. ಹಳೆಯ ಅನಂತಪುರ ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಅದರಲ್ಲೂ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಶಿವರಾತ್ರಿಗೆ ಬತ್ತಿದ ಕೆರೆ ಮತ್ತೆ ನೀರು ಕಾಣುವುದು ಎಷ್ಟೋ ವರ್ಷ ಗಣೇಶನ ಹಬ್ಬ ಕಳೆದ ಮೇಲೆಯೇ. ಅಷ್ಟೂ ತಿಂಗಳು ಕೆಸರಿನಲ್ಲಿ ಪಸೆ ಉಳಿಯಬೇಕು. 1953ರಲ್ಲಿ ಆಂಧ್ರ ರಾಜ್ಯವಾದಾಗ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಯಿತು; 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಅನಂತಪುರ ಜಿಲ್ಲೆಯಿಂದ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆಗಳು ಬದಲಾದವು, ಹಳ್ಳಗಳು ಬದಲಾಗಲಿಲ್ಲ. ವೇದಾವತಿ ಈಗಲೂ ಹಿರಿಯೂರು, ಚಳ್ಳಕೆರೆ ದಾಟಿಯೇ ಗುಮ್ಮಗಟ್ಟದ ಭೈರವಾನಿತಿಪ್ಪ ಜಲಾಶಯಕ್ಕೆ ಬರುತ್ತಾಳೆ, ಮುಂದೆ ಹಗರಿಯೆಂಬ ಹೆಸರಿನಲ್ಲಿ ಬಳ್ಳಾರಿಯ ಕಡೆ ಹೋಗುತ್ತಾಳೆ. 1933ರ ನಂತರ ಮೊದಲ ಸಲ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಆ ನೀರಿನ ಜೊತೆ ಬಂದ ಮೀನಿಗೆ ಎರಡು ರಾಜ್ಯಗಳ ಗಡಿ ಗೊತ್ತಿರಲಿಲ್ಲ. ಆದರೆ ಅಂಥ ನೀರು ಪ್ರತಿ ವರ್ಷ ಬರುವಂಥದ್ದಲ್ಲ. ಮಿಕ್ಕ ವರ್ಷಗಳಲ್ಲಿ ನಮ್ಮ ಕೆರೆಗೆ ನಾಟಿ ಮೀನಿನ ಬೀಜ ಎಂದರೆ ಕೆಸರಿನಲ್ಲಿ ಉಳಿದುಕೊಂಡದ್ದೇ. ಮೀನುಗಾರಿಕೆ ಇಲಾಖೆ ಬಿಡುವ ರೋಹು, ಕಟ್ಲಾ ಮರಿಗಳು ನೀರಿನ ಜೊತೆಯೇ ಮುಗಿಯುತ್ತವೆ. ಮುಂದಿನ ವರ್ಷ ಮತ್ತೆ ತಂದು ಬಿಡಬೇಕು. ಕೊರಮೀನನ್ನು ಯಾರೂ ತಂದು ಬಿಟ್ಟದ್ದಲ್ಲ.

ಹೂಳೆತ್ತುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹೂಳೆತ್ತದಿದ್ದರೆ ಕೆರೆಯೇ ಉಳಿಯುವುದಿಲ್ಲ. ಹೇಮಾವತಿಯಲ್ಲಿ, ಅಂದಿನ ಹೆಂಜೇರುವಿನಲ್ಲಿ, ನೊಳಂಬರು ಆಳಿದ ಕಾಲದಿಂದಲೂ ಈ ಭಾಗದ ಬದುಕು ಕೆರೆಯದು. ಕೆರೆ ಕಟ್ಟಿದವರಿಗೆ, ಕಾಪಾಡಿದವರಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂದು ಭೂಮಿ ಬಿಟ್ಟುಕೊಟ್ಟದ್ದು ಕನ್ನಡ ಶಾಸನಗಳಲ್ಲಿ ಉದ್ದಕ್ಕೂ ಸಿಗುತ್ತದೆ. ಬೇಸಿಗೆಯಲ್ಲಿ ರೈತರು ಎತ್ತಿನ ಗಾಡಿ ಕಟ್ಟಿಕೊಂಡು ಕೆರೆಗೆ ಹೋಗಿ ಗೋಡುಮಣ್ಣು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಗುದ್ದಲಿಯಲ್ಲಿ ಅಗೆದದ್ದು, ಗಾಡಿ ಓಡಾಡಲು ಗಟ್ಟಿ ನೆಲ ಬೇಕಾದ್ದರಿಂದ ಒಣಗಿದ ಮೇಲಂಗಳದ ಮಣ್ಣನ್ನೇ ತೆಗೆದದ್ದು. ತೂಬಿನ ಮುಂದಿನ ಕೆಸರಿಗೆ ಎತ್ತು ಇಳಿಸಿದರೆ ಹೂತುಹೋಗುತ್ತದೆಂದು ಯಾರೂ ಇಳಿಸುತ್ತಿರಲಿಲ್ಲ. ಯಾರೂ ಮೀನಿಗಾಗಿ ಹಾಗೆ ಮಾಡಿದ್ದಲ್ಲ, ಆದರೆ ಮೀನಿಗೆ ಅದರಿಂದ ಜಾಗ ಉಳಿಯಿತು. ಈಗ ಬರುವ ಯಂತ್ರಕ್ಕೆ ಕೆಸರಾದರೇನು, ಬಂಡೆಯಾದರೇನು. 2015ರಲ್ಲಿ ಶುರುವಾದ ನೀರು–ಚೆಟ್ಟು ಕಾರ್ಯಕ್ರಮದ ಕಾಲದಲ್ಲಿ ಕೆರೆಗಳಿಗೆ ಯಂತ್ರ ಇಳಿಯುವುದು ಮಾಮೂಲಾಯಿತು. ಇಟ್ಟಿಗೆ ಗೂಡಿಗೆ, ಲೇಔಟಿಗೆ ಮಣ್ಣು ಹೊಡೆಯುವವರು ಬೇರೆ ಇದ್ದಾರೆ. ಅವರು ಎಲ್ಲಿ ಮಣ್ಣು ಚೆನ್ನಾಗಿದೆಯೋ ಅಲ್ಲೇ ಬಾವಿಯಂತೆ ತೋಡುತ್ತಾರೆ.

ಹಾಗಾದರೆ ಏನು ಮಾಡಬೇಕು? ಕೆಲಸ ಶುರುವಾಗುವ ಮುಂಚೆ ನೀರುಗಂಟಿಯನ್ನೋ, ಬಲೆ ಹಾಕುವ ಬೆಸ್ತರ ಮನೆಯ ಹಿರಿಯರನ್ನೋ ಕರೆದುಕೊಂಡು ಕೆರೆಯಂಗಳಕ್ಕೆ ಇಳಿಯಿರಿ. ಯಾವ ತಗ್ಗು ಕೊನೆಗೆ ಒಣಗುತ್ತದೆ, ಹಿಂದೆ ಯಾವ ಗುಂಡಿಯಲ್ಲಿ ಕೊರಮೀನು ಸಿಕ್ಕಿದೆ ಎನ್ನುವುದನ್ನು ಅವರಷ್ಟು ಖಚಿತವಾಗಿ ಯಾವ ಎಂಜಿನಿಯರೂ ಹೇಳಲಾರರು. ಆ ಜಾಗಕ್ಕೆ ಸುತ್ತ ಗೂಟ ನೆಟ್ಟು ಗುರುತು ಮಾಡಿಸಿ. ಗೂಟದೊಳಕ್ಕೆ ಯಂತ್ರ ಬರಕೂಡದು, ಟಿಪ್ಪರ್ ತಿರುಗಿಸಲೂ ಕೂಡದು. ಭಾರದ ಚಕ್ರ ಹತ್ತಿದರೆ ಕೆಸರು ಅದುಮಿ ಒಳಗಿರುವುದೆಲ್ಲ ಸಾಯುತ್ತದೆ. ಕೆರೆ ದೊಡ್ಡದಾಗಿದ್ದರೆ ಒಂದೇ ಬೇಸಿಗೆಯಲ್ಲಿ ಎಲ್ಲ ಮುಗಿಸದೆ, ಈ ವರ್ಷ ಒಂದು ಭಾಗ, ಬರುವ ವರ್ಷ ಇನ್ನೊಂದು ಭಾಗ ಎಂದು ತೆಗೆಸಿ. ಆ ತಗ್ಗಿನ ಹೂಳನ್ನೂ ತೆಗೆಯಲೇಬೇಕಾದ ಕಾಲ ಒಂದು ದಿನ ಬಂದರೆ, ಅದರ ಪಕ್ಕದಲ್ಲೇ ಇನ್ನೊಂದು ತಗ್ಗು ಮಾಡಿ ಎರಡು ಮಳೆಗಾಲ ಹೂಳು ಕೂರಲು ಬಿಟ್ಟು, ಆಮೇಲೆ ಹಳೆಯದಕ್ಕೆ ಕೈ ಹಾಕಿ. ಇದಕ್ಕೆ ಖರ್ಚು ಏನೂ ಇಲ್ಲ. ಗುತ್ತಿಗೆದಾರನಿಗೆ ಕೆಲವು ಲೋಡು ಮಣ್ಣು ಕಡಿಮೆ ಸಿಗಬಹುದು, ಅಷ್ಟೆ.

ಅಗೆಯುವಾಗ ಮೀನು ಮೇಲೆ ಬಂದರೆ ಬಹಳ ಊರುಗಳಲ್ಲಿ ಅದು ಅಂದಿನ ಸಾರಾಗುತ್ತದೆ. ಹಸಿದವರ ತಟ್ಟೆಯ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ನಾಲ್ಕು ದೊಡ್ಡ ಮೀನುಗಳನ್ನಾದರೂ ಉಳಿಸಲು ಮನಸ್ಸಿದ್ದವರಿಗೆ ದಾರಿ ಸುಲಭ. ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಿನಲ್ಲಿಟ್ಟರೆ ಕೊರಮೀನು ಗಂಟೆಗಟ್ಟಲೆ ಬದುಕಿರುತ್ತದೆ. ಬಿಂದಿಗೆಯಲ್ಲಿ ಒಯ್ಯುವುದಾದರೆ ಕಂಠದವರೆಗೆ ನೀರು ತುಂಬಿ ಮುಚ್ಚಳ ಬಿಗಿಯಬೇಡಿ. ಮೈ ಮುಳುಗುವಷ್ಟು ನೀರು ಸಾಕು, ಮೇಲೆ ಗಾಳಿ ಬೇಕು, ಬಾಯಿಗೆ ತೆಳು ಬಟ್ಟೆ ಕಟ್ಟಬೇಕು, ಇಲ್ಲದಿದ್ದರೆ ಹಾರಿ ಹೊರಗೆ ಬೀಳುತ್ತದೆ. ನೀರಿರುವ ಹತ್ತಿರದ ಕುಂಟೆಗೋ ಕೃಷಿ ಹೊಂಡಕ್ಕೋ ಬಿಟ್ಟುಬಿಡಿ. ಚೇಳು ಮೀನನ್ನೂ ಮುರುಗೋಡನ್ನೂ ಬರಿಗೈಯಲ್ಲಿ ಹಿಡಿಯಬೇಡಿ. ದಪ್ಪ ಬಟ್ಟೆ ಬೇಕು. ಚುಚ್ಚಿದರೆ ತಾಳಬಲ್ಲಷ್ಟು ಬಿಸಿನೀರಿನಲ್ಲಿ ಕೈ ಅದ್ದಿಡಿ, ನೋವು ಹೆಚ್ಚಾದರೆ ಆಸ್ಪತ್ರೆಗೆ ಹೋಗಿ.

ಕೆರೆ ಹಿಡಿದಿರುವ ಗುತ್ತಿಗೆದಾರರಲ್ಲಿ, ಮೀನುಗಾರರ ಸಂಘದ ಸದಸ್ಯರಲ್ಲಿ ಇನ್ನೊಂದು ಬೇಡಿಕೆ. ಕಡೆಯ ಗುಂಡಿಗೆ ಮೋಟಾರ್ ಇಟ್ಟು ನೀರು ಹೊರಹಾಕಿ, ಕೆಸರನ್ನು ತುಳಿದು, ಕೈಯಿಂದ ತಡಕಿ ಕೊನೆಯ ಮೀನಿನವರೆಗೂ ತೆಗೆಯುವುದು ಈಗ ಸಾಮಾನ್ಯವಾಗಿದೆ. ಕೆಲವರು ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ. ನೀರಿಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಕಾಯ್ದೆಯ ಮಾತು ಹಾಗಿರಲಿ, ವರ್ಷದ ಗುತ್ತಿಗೆ ಮುಗಿಸಿ ಹೋಗುವವನಿಗೆ ಲಾಭವಾದರೂ ಊರಿಗೆ ಉಳಿಯುವುದು ಬರಿ ಕೆರೆ. ಆ ಗುಂಡಿಯ ನೀರಿನಲ್ಲಿ ಬಲೆ ಹಾಕಿ, ಗಾಳ ಹಾಕಿ, ಕೂಳಿ ಹಾಕಿ. ಮೋಟಾರ್ ಮಾತ್ರ ಬೇಡ. ಕಡೆಯ ಗುಂಡಿಯನ್ನು ಬರಿದು ಮಾಡಬಾರದು ಎಂಬ ಒಂದು ಸಾಲನ್ನು ಹರಾಜಿನ ಷರತ್ತಿನಲ್ಲೇ ಸೇರಿಸಬಹುದು.

ಮಳೆ ಹಿಡಿದ ಮೇಲಿನ ಸಂಗತಿ ಇನ್ನೂ ಮುಖ್ಯ. ಕೊರಮೀನು ಗಂಡು ಹೆಣ್ಣು ಸೇರಿ ದಡದ ಜೊಂಡಿನ ನಡುವೆ ನೀರಿನ ಮೇಲ್ಭಾಗದಲ್ಲಿ ಒಂದು ದುಂಡು ಜಾಗವನ್ನು ಬಿಡಿಸಿಕೊಳ್ಳುತ್ತವೆ. ಅಲ್ಲಿ ತೇಲುವ ಹಳದಿ ಮೊಟ್ಟೆಗಳನ್ನಿಟ್ಟು ಕಾಯುತ್ತವೆ. ಮರಿಗಳಾದ ಮೇಲೂ ಬಿಟ್ಟು ಹೋಗುವುದಿಲ್ಲ. ಕೆಂಪು–ಕಿತ್ತಳೆ ಬಣ್ಣದ ನೂರಾರು ಮರಿಗಳು ಒಂದೇ ಮುದ್ದೆಯಾಗಿ ನೀರಿನ ಮೇಲೆ ಸರಿದಾಡುತ್ತಿರುತ್ತವೆ, ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಗಾಳ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಮರಿಗಳ ಮುದ್ದೆಯ ಮೇಲೆ ಕಪ್ಪೆ ಸಿಕ್ಕಿಸಿದ ಗಾಳ ಎಸೆದರೆ ಮರಿಗೆ ಅಪಾಯ ಬಂತೆಂದು ತಾಯಿ ಎರಗುತ್ತದೆ, ಸಿಕ್ಕಿಬೀಳುತ್ತದೆ. ಒಂದು ಮೀನು ಸಿಕ್ಕಿತೆಂದು ಮನೆಗೆ ಬರುತ್ತೀರಿ, ಅಷ್ಟರಲ್ಲಿ ಕಾವಲಿಲ್ಲದ ಮರಿಗಳನ್ನು ಉಳಿದ ಮೀನುಗಳೂ ಹಕ್ಕಿಗಳೂ ತಿಂದು ಮುಗಿಸಿರುತ್ತವೆ. ತೆಲುಗು ಸೀಮೆಯಲ್ಲಿ ಮೃಗಶಿರಾ ಕಾರ್ತೆಯ ದಿನ ಮೀನು ತಿನ್ನುವ ರೂಢಿ ಇರುವುದರಿಂದ ಜೂನಿನಲ್ಲಿ ಕೊರಮೀನಿಗೆ ಬೇಡಿಕೆ ಏರುತ್ತದೆ. ಹಬ್ಬ ಮಾಡಿ, ಸಾಕಿದ ಮೀನು ಕೊಳ್ಳಿ. ಕೆರೆಯಲ್ಲಿ ಕೆಂಪು ಮರಿ ಕಂಡ ಜಾಗಕ್ಕೆ ಮಾತ್ರ ಗಾಳವನ್ನೂ ಬಲೆಯನ್ನೂ ಒಯ್ಯಬೇಡಿ. ಅಣ್ಣಂದಿರೇ, ತಮ್ಮಂದಿರೇ, ಇದೊಂದನ್ನು ಕೈಮುಗಿದು ಕೇಳುತ್ತೇನೆ.

ಈಗ ಪೇಟೆಯಲ್ಲಿರುವ ನಮ್ಮವರ ಕಡೆ ತಿರುಗುತ್ತೇನೆ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳಿಂದ ಬೆಂಗಳೂರಿಗೆ, ಡಿ. ಹಿರೇಹಾಳು, ಕಣೇಕಲ್ಲುಗಳಿಂದ ಬಳ್ಳಾರಿಗೆ ಹೋಗಿ ನೆಲೆಸಿದವರ ಮನೆಗಳಲ್ಲಿ ಗಾಜಿನ ಮೀನುತೊಟ್ಟಿ ಇರುವುದು ಈಗ ಹೊಸತಲ್ಲ. ಕೆಲವರು ಉಪ್ಪುನೀರಿನ ತೊಟ್ಟಿಯನ್ನೇ ಕಟ್ಟಿಸಿ, ಹವಳ ಬೆಳೆಸಿ, ಮರಳಿನಲ್ಲಿ ಬಿಲ ತೋಡುವ ಸಮುದ್ರದ ಮೀನುಗಳನ್ನು ಸಾಕುತ್ತಾರೆ. ಅದನ್ನು ಸಾಕುವುದು ಎಷ್ಟು ಕಷ್ಟವೆಂದು ಸಾಕಿದವರಿಗೇ ಗೊತ್ತು. ದೊಡ್ಡ ದವಡೆಯ ಜಾಫಿಶ್ ನೆಟ್ಟಗೆ ಕೆಳಮುಖವಾಗಿ ಬಿಲ ತೋಡಿ, ಅದರ ಬಾಯಿಗೆ ಚಿಪ್ಪು, ಹರಳು ಜೋಡಿಸಿಕೊಳ್ಳುತ್ತದೆ. ಎರಡು ಬೆರಳು ಮರಳಿನಲ್ಲಿ ಅದಕ್ಕೆ ಬಿಲ ನಿಲ್ಲುವುದಿಲ್ಲ, ಗೇಣುದ್ದವಾದರೂ ಆಳ ಬೇಕು, ನುಣುಪು ಮರಳಿನ ಜೊತೆ ಒರಟು ಚೂರುಗಳೂ ಬೇಕು. ಬಿಲ ಕಟ್ಟಲಾಗದ ಮೀನು ಹೆದರಿಕೆಯಲ್ಲಿ ಆಹಾರ ಬಿಡುತ್ತದೆ, ರಾತ್ರಿ ತೊಟ್ಟಿಯಿಂದ ಹಾರಿ ನೆಲಕ್ಕೆ ಬಿದ್ದು ಸಾಯುತ್ತದೆ. ಕಣ್ಣು ಸರಿಯಾಗಿ ಕಾಣದ ಪಿಸ್ತೂಲು ಸೀಗಡಿ ಬಿಲ ತೋಡುತ್ತದೆ, ಗೋಬಿ ಮೀನು ಬಾಗಿಲಲ್ಲಿ ಕಾವಲು ಕೂರುತ್ತದೆ, ಸೀಗಡಿ ತನ್ನ ಮೀಸೆಯನ್ನು ಸದಾ ಮೀನಿನ ಬಾಲಕ್ಕೆ ತಾಗಿಸಿಕೊಂಡೇ ಕೆಲಸ ಮಾಡುತ್ತದೆ. ಇಂಥ ಜೋಡಿ ಇರುವ ತೊಟ್ಟಿಯಲ್ಲಿ ಕಲ್ಲನ್ನು ಮರಳಿನ ಮೇಲೆ ಇಡುವಂತಿಲ್ಲ. ಕೆಳಗೆ ಬಿಲ ತೋಡಿದಾಗ ಕಲ್ಲು ಕುಸಿದು ಮೀನನ್ನೇ ಜಜ್ಜುತ್ತದೆ. ಕಲ್ಲು ಮೊದಲು ಗಾಜಿನ ತಳದ ಮೇಲೆ ಭದ್ರವಾಗಿ ಕೂರಬೇಕು, ಮರಳು ಆಮೇಲೆ ಸುತ್ತ ಬೀಳಬೇಕು. ತೊಟ್ಟಿಗೆ ಬಲೆಯ ಮುಚ್ಚಳ ಬೇಕೇಬೇಕು.

ಇಷ್ಟೆಲ್ಲ ತಿಳಿದು, ತಳದ ಮರಳು ಎಷ್ಟು ಆಳ, ಎಷ್ಟು ನುಣುಪು ಎಂದು ಅಳೆದು ಸಾಕುವವರೇ, ನಿಮ್ಮ ಊರಿನ ಮಾತು ಬಂದಾಗ ದನಿ ಎತ್ತಬೇಕಾದವರು ನೀವೇ. ಬಿಲದ ಮೀನಿಗೆ ನೀರಿಗಿಂತ ಮೊದಲು ನೆಲ ಬೇಕು ಎನ್ನುವುದು ನಿಮಗೆ ಗೊತ್ತು. ಅದನ್ನು ನಿಮ್ಮೂರ ಸರಪಂಚರಿಗೆ, ನಿಮ್ಮ ಚಿಕ್ಕಪ್ಪ ಮಾವಂದಿರಿಗೆ ತಿಳಿಸಿ ಹೇಳಿ. ಸಮುದ್ರದ ಮೀನಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ನಮ್ಮ ಸೀಮೆಯ ಮರಳು ಮೀನನ್ನೂ ಹಾವುಮೀನನ್ನೂ ಸಾಕಿ ನೋಡಿ ಎಂದೂ ಹೇಳುತ್ತೇನೆ, ಕೊಂಡು ತಂದದ್ದಾದರೆ. ಸಿಹಿನೀರಿನ ತೊಟ್ಟಿಗೆ ಚೂಪು ಜಲ್ಲಿ ಬೇಡ. ಹೂತುಕೊಳ್ಳುವಾಗ ಸಿಪ್ಪೆಯಿಲ್ಲದಂಥ ನಯ ಮೈ ಗೀರಿ ಹುಣ್ಣಾಗುತ್ತದೆ. ಚೆನ್ನಾಗಿ ತೊಳೆದ ನುಣುಪು ಹೊಳೆ ಮರಳನ್ನು ನಾಲ್ಕು ಬೆರಳು ಹಾಸಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗುವವರೆಗೆ ಇಟ್ಟು ಹಾಕಿ. ನೀರಿನ ಮಟ್ಟಕ್ಕೂ ಮುಚ್ಚಳಕ್ಕೂ ನಡುವೆ ಗಾಳಿಗೆ ಜಾಗ ಬಿಡಿ, ಮುಚ್ಚಳದ ಸಂದು ಮುಚ್ಚಿ. ಹಾವುಮೀನು ಬೆರಳು ತೂರುವ ಸಂದಿದ್ದರೂ ಹೊರಬೀಳುತ್ತದೆ. ಹಗಲು ಕಾಣಲಿಲ್ಲವೆಂದು ಮರಳು ಕೆದಕಬೇಡಿ. ದೀಪ ಆರಿದ ಮೇಲೆ ಆಹಾರ ಹಾಕಿದರೆ ತಾನಾಗಿ ಬರುತ್ತದೆ. ಕೊರಮೀನನ್ನು ಮಾತ್ರ ಮನೆಯ ತೊಟ್ಟಿಗೆ ತರಬೇಡಿ. ಅದು ಮೊಳಕ್ಕಿಂತ ಉದ್ದ ಬೆಳೆಯುವ, ಎದುರಿಗಿದ್ದುದನ್ನೆಲ್ಲ ತಿನ್ನುವ ಮೀನು. ಅದರ ಮನೆ ಕೆರೆಯೇ.

ಸಾಕಿ ಬೇಸರವಾದ ಮೀನನ್ನು ಊರಿಗೆ ಹೋದಾಗ ಕೆರೆಗೆ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಗಾಜು ನೆಕ್ಕಿ ಪಾಚಿ ತಿನ್ನುತ್ತದೆಂದು ಅಂಗಡಿಯವರು ಕೊಡುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಬೆರಳುದ್ದ ಇದ್ದಾಗ ಚೆಂದ, ಮೊಳದುದ್ದ ಬೆಳೆದ ಮೇಲೆ ತೊಟ್ಟಿಗೆ ಹಿಡಿಸುವುದಿಲ್ಲ, ಆಗ ಅದು ಕೆರೆಗೆ ಹೋಗುತ್ತದೆ. ಮೈಯೆಲ್ಲ ಎಲುಬಿನ ತಗಡು, ಬಲೆ ಹರಿಯುತ್ತದೆ, ತಿನ್ನಲು ಯಾರೂ ಕೊಳ್ಳುವುದಿಲ್ಲ. ಬೆಂಗಳೂರಿನ ಕೆರೆಗಳಲ್ಲೂ ಕೃಷ್ಣಾ ನದಿಯಲ್ಲೂ ಅದು ಆಗಲೇ ಸೇರಿಕೊಂಡಿದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಈ ಸಕ್ಕರ್ ಕೂಡ ಬಿಲ ತೋಡುವ ಮೀನೇ, ಆದರೆ ತಳದಲ್ಲಿ ಅಲ್ಲ, ದಡದಲ್ಲಿ. ಮೊಟ್ಟೆಯಿಡಲು ನೀರಿನಂಚಿನ ಮಣ್ಣಿನ ದಡದೊಳಕ್ಕೆ ಅಡ್ಡಲಾಗಿ, ಒಂದು ಮೀಟರಿನವರೆಗೂ ಕೊರೆಯುತ್ತದೆ. ಒಂದರ ಪಕ್ಕ ಒಂದು ಬಿಲವಾಗಿ ದಡ ಕುಸಿಯುತ್ತದೆ. ಮೆಕ್ಸಿಕೊ, ಅಮೆರಿಕದ ಟೆಕ್ಸಸ್, ಫ್ಲಾರಿಡಾಗಳಲ್ಲಿ ಇದನ್ನು ಕಂಡಿದ್ದಾರೆ. ನಮ್ಮ ಕೆರೆಗಳ ಏರಿ ಎಂದರೆ ಮಣ್ಣಿನದು. ನೊಳಂಬರ ಕಾಲದಿಂದ ಎಷ್ಟೋ ತಲೆಮಾರು ಮಣ್ಣು ಹೊತ್ತು ಕಟ್ಟಿದ ಏರಿಗೆ ಒಂದು ಗಾಜಿನ ತೊಟ್ಟಿಯಿಂದ ಹೊರಬಿದ್ದ ಮೀನು ತೂತು ಕೊರೆಯುವುದಾದರೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ.

ಆಫ್ರಿಕನ್ ಕ್ಯಾಟ್‌ಫಿಶ್‌ನದೂ ಇದೇ ಕಥೆ. ಕೇಂದ್ರ ಸರ್ಕಾರ ಅದರ ಸಾಕಣೆಯನ್ನು ನಿಷೇಧಿಸಿ ಎರಡು ದಶಕ ದಾಟಿದೆ, ಕದ್ದು ಸಾಕುವುದು ನಿಂತಿಲ್ಲ. ಅದು ನಮ್ಮ ಮುರುಗೋಡಿನ ನೆಂಟನೇ, ಗಾಳಿ ನುಂಗಿ ಬದುಕಬಲ್ಲದು, ಕೆಸರಿನಲ್ಲಿ ಕೂತು ಬೇಸಿಗೆ ಕಳೆಯಬಲ್ಲದು. ಮೀಟರಿಗೂ ಮೀರಿ ಬೆಳೆಯುವ ಅದು ನಾಟಿ ಮೀನುಗಳು ಕೊನೆಗೆ ಸೇರುವ ಅದೇ ತಗ್ಗಿಗೆ ಬಂದು, ಅಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ನಿಮ್ಮ ಕೃಷಿ ಹೊಂಡಕ್ಕೆ ಬೇಗ ಬೆಳೆಯುವ ಮಾಗೂರು ಮರಿ ಎಂದು ಯಾರಾದರೂ ತಂದರೆ ಒಪ್ಪಬೇಡಿ. ಹೊಂಡ ಕೋಡಿ ಬಿದ್ದ ದಿನ ಅದು ಕೆರೆಗೆ ಸೇರುತ್ತದೆ. ಹಂದ್ರಿ–ನೀವಾ ಕಾಲುವೆಯಲ್ಲಿ ಕೃಷ್ಣೆಯ ನೀರು ಮಡಕಶಿರಾದ ಕಡೆ ಬರುವ ಕಾಲದಲ್ಲಿ ಈ ಎಚ್ಚರ ಇಮ್ಮಡಿ ಬೇಕು. ನೀರು ಬೇಡವೆನ್ನುವವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಕಾಲುವೆ ನೀರು ಬರಿಗೈಯಲ್ಲಿ ಬರುವುದಿಲ್ಲ. ಹಿಂದೆಂದೂ ಕೆರೆಯಲ್ಲಿ ಕಾಣದಿದ್ದ ಮೀನು ಬಲೆಗೆ ಸಿಕ್ಕರೆ ಮತ್ತೆ ನೀರಿಗೆ ಎಸೆಯದೆ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ.

ಹಗರಿ ದಂಡೆಯವರಿಗೊಂದು ಮಾತು. ಬೊಮ್ಮನಹಾಳು, ಕಣೇಕಲ್ಲು ಕಡೆ ಹಗರಿಯ ಮರಳು ಗಾಳಿಗೆ ಹಾರಿ ದಿಬ್ಬಗಳಾಗಿ ಹೊಲಕ್ಕೆ ನುಗ್ಗುವುದನ್ನು ಕಂಡವರಿಗೆ ಮರಳು ಶತ್ರುವಿನಂತೆ ತೋರುವುದು ಸಹಜ. ಆದರೆ ನದಿಯ ಪಾತ್ರದೊಳಗಿನ ಮರಳು ಬೇರೆ. ಅದು ತಳದಲ್ಲಿ ನೀರು ಹಿಡಿದಿಡುತ್ತದೆ, ಮರಳು ಮೀನೂ ಹಾವುಮೀನೂ ಅದರೊಳಗೆ ಉಸಿರಾಡುತ್ತವೆ. ದಿಬ್ಬದ ಮರಳನ್ನು ಬೇಕಾದಷ್ಟು ಒಯ್ಯಿರಿ, ಪಾತ್ರದ ಮಡುಗಳನ್ನು ಮುಟ್ಟಬೇಡಿ.

ಕೊನೆಯದಾಗಿ, ಮಾಡಬೇಕಾದ ಕಾಗದದ ಕೆಲಸ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಪುಸ್ತಕವನ್ನು ಅದು ಬರೆಸಬೇಕು. ನಿಮ್ಮ ಪಂಚಾಯಿತಿಯ ಪುಸ್ತಕದಲ್ಲಿ ಕೆರೆಯ ಮೀನುಗಳ ಹೆಸರಿದೆಯೇ ಎಂದು ಕೇಳಿ ನೋಡಿ. ಇಲ್ಲದಿದ್ದರೆ ಹಿರಿಯ ಬೆಸ್ತರನ್ನು ಕೂರಿಸಿಕೊಂಡು, 1997ರ ಕಾಯ್ದೆಯಡಿ ಇರುವ ನಿಮ್ಮ ನೀರು ಬಳಕೆದಾರರ ಸಂಘದವರನ್ನೂ ಕರೆದು ಬರೆಸಿ. ಶಾಲೆಯ ಮೇಷ್ಟ್ರುಗಳೇ, ಮೇಡಂಗಳೇ, ಮಕ್ಕಳಿಂದಲೇ ಈ ಕೆಲಸ ಆರಂಭಿಸಬಹುದು. ತಾತಂದಿರು ಹೇಳುವ ಮೀನಿನ ಹೆಸರುಗಳನ್ನು ಅವರು ಕನ್ನಡದಲ್ಲಿ ಬರೆದುಕೊಳ್ಳಲಿ, ಕಚೇರಿಗೆ ತೆಲುಗಿನಲ್ಲಿ ಕೊಡಿ.

ಮುಂದಿನ ಗ್ರಾಮಸಭೆಯಲ್ಲಿ, ಹೂಳೆತ್ತುವ ಕೆಲಸಕ್ಕೆ ಒಪ್ಪಿಗೆ ಕೊಡುವ ಮೊದಲು, ಎದ್ದು ನಿಂತು ಇಷ್ಟನ್ನು ನಿರ್ಣಯವಾಗಿ ಬರೆಸಿ: ತೂಬಿನ ಮುಂದಿನ ತಗ್ಗಿಗೆ ಯಂತ್ರ ಇಳಿಯಬಾರದು; ಕಡೆಯ ಗುಂಡಿಗೆ ಮೋಟಾರ್ ಇಡಬಾರದು; ಹೊರಗಿನ ಮೀನನ್ನು ಕೆರೆಗೆ ಬಿಡಬಾರದು. ಬರೆಸಿದ ಮೇಲೆ ಸಹಿ ಹಾಕಿದವರ ಜೊತೆ ಹೋಗಿ ಆ ತಗ್ಗಿನ ಸುತ್ತ ಗೂಟ ನೆಡಿ. ಜೆಸಿಬಿ ಬರುವ ದಿನ ನಿಮ್ಮಲ್ಲೊಬ್ಬರು ಏರಿಯ ಮೇಲೆ ಇರಿ.